ಅತ್ತೆಯ ಶಿವನಾಮ, ಡಾಲ್ಫಿನ್ನಿನ ಕಿವಿ

ಕುರುಗೋಡಿನ ನಮ್ಮ ಮನೆಯಲ್ಲಿ ಶಿವನಿಗೆ ಒಂದು ಗಳಿಗೆಯೂ ಪುರಸೊತ್ತಿರಲಿಲ್ಲ. ನಮ್ಮ ಅತ್ತೆ ಅಡುಗೆಮನೆಯಿಂದ ಹೊರಬಿದ್ದರೆ "ಶಿವಾ", ಹೊಸ್ತಿಲು ದಾಟಿದರೆ "ಶಿವಾ", ಪಡಸಾಲೆಯ ಕಂಬದ ಹತ್ತಿರ ಒಂದು, ಹಿತ್ತಲ ಬಾಗಿಲಿಗೆ ಇನ್ನೊಂದು. ಬಚ್ಚಲಿಗೆ ಹೋಗುವಾಗಲೂ ಅವನನ್ನು ಬಿಡುತ್ತಿರಲಿಲ್ಲ. ಎಪ್ಪತ್ತರ ದಶಕದ ನಡುವೆ ಬಳ್ಳಾರಿಯ ಪಾರ್ವತಿನಗರದಿಂದ ಆ ಮನೆಗೆ ಕಿರಿಸೊಸೆಯಾಗಿ ಹೋದವಳು ನಾನು. ಮೊದಲ ತಿಂಗಳು ಅತ್ತೆಯ ಭಕ್ತಿಗೆ ಬೆರಗಾದೆ. ಎರಡನೇ ತಿಂಗಳಿಗೆ ತಲೆನೋವು ಶುರುವಾಯಿತು.

ಓಣಿಯ ಹೆಂಗಸರಿಗೆ ಮಾತ್ರ ಬಲು ಮೆಚ್ಚಿಗೆ. "ಅಕಿ ಉಸುರೇ ಶಿವ ಆಗ್ಯಾನ" ಎನ್ನುತ್ತಿದ್ದರು. ಮಜ್ಜಿಗೆ ಕೇಳಲು ತಂಬಿಗೆ ಹಿಡಿದು ಬಂದವರು ಅತ್ತೆಯ ಕಾಲು ಮುಟ್ಟಿ ಹೋಗುತ್ತಿದ್ದರು. ಮಜ್ಜಿಗೆಯ ಋಣ ಕಾಲಿಗೆ ಬೀಳಿಸುತ್ತದೆ ಎಂದು ನಾನು ಒಳಗೊಳಗೇ ನಗುತ್ತಿದ್ದೆ. ಇಷ್ಟು ಸಲ ದೇವರನ್ನು ಕರೆಯುವವರಿಗೆ ಸೊಸೆಯ ರೊಟ್ಟಿಯ ಮೇಲಾದರೂ ಸ್ವಲ್ಪ ಕರುಣೆ ಬೇಡವೇ? ಅದಿರಲಿಲ್ಲ. ನಾನು ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದರೆ ಅತ್ತೆ ಪಡಸಾಲೆಯಲ್ಲಿ ಕೂತಲ್ಲಿಂದಲೇ ಕೂಗುತ್ತಿದ್ದರು: "ನಡುವು ದಪ್ಪ ಆತು! ಅದು ರೊಟ್ಟಿಯೋ ಚಾಪಿಯೋ?" ನೋಡಿದರೆ ನಡುವು ದಪ್ಪವೇ ಆಗಿರುತ್ತಿತ್ತು. ಈ ಹೆಂಗಸಿಗೆ ಗೋಡೆಯ ಆಚೆಗೂ ಕಣ್ಣಿದೆ ಎಂದುಕೊಂಡೆ.

ಆ ಮನೆಯಲ್ಲಿ ನನಗಿಂತ ಮೊದಲು ಬಂದವಳು ಭಾವನ ಹೆಂಡತಿ. ಅವಳನ್ನು ಅಕ್ಕ ಅನ್ನುತ್ತಿದ್ದೆ. ಸಿರುಗುಪ್ಪದ ಕಡೆ ಕರೂರಿನವಳು, ಕಾಲುವೆ ನೀರಿನ ಗದ್ದೆಯ ಸೀಮೆಯವಳು, ಮೂರು ಹೊತ್ತು ಅನ್ನ ಉಂಡು ಬೆಳೆದವಳು. ನಮ್ಮ ಎರೆಹೊಲದ ಜೋಳಕ್ಕೆ ಬಂದು ಬಿದ್ದದ್ದರ ಸಿಟ್ಟನ್ನು ಪಾತ್ರೆಗಳ ಮೇಲೆ ತೀರಿಸಿಕೊಳ್ಳುತ್ತಾಳೆ ಎಂಬುದು ನನ್ನ ತೀರ್ಮಾನವಾಗಿತ್ತು. ಒಂದು ತಂಬಿಗೆಯನ್ನು ಅವಳು ಸದ್ದಿಲ್ಲದೆ ಇಟ್ಟದ್ದನ್ನು ನಾನು ನೋಡಿಲ್ಲ. ಅತ್ತೆಯ ಸೊಂಟದಲ್ಲಿ ಉಗ್ರಾಣದ ಕೀಲಿಕೈ ಗೊಂಚಲು ತೂಗುತ್ತಿತ್ತು. ಆ ಗೊಂಚಲು ಹೋದಲ್ಲೆಲ್ಲ ಅಕ್ಕನ ಕಣ್ಣೂ ಹೋಗುತ್ತಿತ್ತು. ಅವಳಿಗೆ ಅದರ ಮೇಲೆ ಆಸೆ ಇದೆ ಎಂದು ನಾನು ಬಂದ ವಾರದಲ್ಲೇ ಬರೆದಿಟ್ಟುಕೊಂಡಂತೆ ನಂಬಿದ್ದೆ.

ನನಗೆ ಊರಿನ ಹೈಸ್ಕೂಲಿನಲ್ಲಿ ಸೈನ್ಸ್ ಟೀಚರ್ ಕೆಲಸ ಸಿಕ್ಕಾಗ ಭಾವ ಮುಖ ಗಂಟಿಕ್ಕಿದರು. ನನ್ನ ಗಂಡ ಅಣ್ಣನ ಮುಂದೆ ಬಾಯಿ ಬಿಡುವವರಲ್ಲ. ಮಾತು ತೀರಿಸಿದ್ದು ಅತ್ತೆ. "ಹೋಗ್ಲಿ ಬಿಡಪಾ ಸಾಲಿಗೆ. ಮನ್ಯಾಗ ಕುಂತ್ರ ಇಕಿ ರೊಟ್ಟಿ ನಾವು ತಿನ್ನಬೇಕಾಗತೈತಿ." ಹೀಗೆ ನನ್ನ ಕೆಟ್ಟ ರೊಟ್ಟಿಯೇ ನನಗೆ ನೌಕರಿ ಕೊಡಿಸಿತು. ಕೀಲಿಕೈ ಇದ್ದವರ ಮಾತನ್ನು ಆ ಮನೆಯಲ್ಲಿ ಯಾರೂ ಮೀರುತ್ತಿರಲಿಲ್ಲ.

ಎರಡನೇ ವರ್ಷ ಒಂಬತ್ತನೇ ತರಗತಿಗೆ ಪ್ರತಿಧ್ವನಿಯ ಪಾಠ ಬಂತು. ಪ್ರಯೋಗಕ್ಕೆ ಕುರುಗೋಡಿನಲ್ಲಿ ಕೊರತೆ ಇಲ್ಲ, ಊರ ಬೆನ್ನಿಗೇ ಬಂಡೆಯ ಗುಡ್ಡ. ಮಕ್ಕಳನ್ನು ಕರೆದುಕೊಂಡು ಹೋಗಿ ಗುಡ್ಡದ ಕಡೆ ಕೂಗಿರಿ ಅಂದೆ. ಅವರು ಹೆಡ್‌ಮಾಸ್ತರರ ಅಡ್ಡಹೆಸರು ಕೂಗಿದರು. ಗುಡ್ಡ ಅದನ್ನು ಚಾಚೂ ತಪ್ಪದೆ ತಿರುಗಿ ಹೇಳಿತು. ಮರುದಿನ ಹೆಡ್‌ಮಾಸ್ತರರು ನನ್ನನ್ನು ಕರೆದು, ಮುಂದಿನ ಪಾಠಗಳನ್ನು ನಾಲ್ಕು ಗೋಡೆಯೊಳಗೇ ಮಾಡಿ ಎಂದರು.

ಆ ಪಾಠದ ಕೊನೆಗೆ ಒಂದು ಸಾಲಿತ್ತು: ಬಾವಲಿ ಮತ್ತು ಡಾಲ್ಫಿನ್‌ಗಳು ಪ್ರತಿಧ್ವನಿಯಿಂದ ದಾರಿ ತಿಳಿಯುತ್ತವೆ. ಬಾವಲಿಯನ್ನು ಮಕ್ಕಳು ನಂಬಿದರು, ಶಾಲೆಯ ಹಿಂದಿನ ಹುಣಸೆಮರದಲ್ಲಿ ತೂಗಾಡುತ್ತಿದ್ದವು. ಡಾಲ್ಫಿನ್ನಿಗೆ ಬಂದಾಗ ಸಿಕ್ಕಿಬಿದ್ದೆ. ಬೇಸಿಗೆಯಲ್ಲಿ ಹಗರಿ ಹೊಳೆಯಲ್ಲಿ ಎಮ್ಮೆ ಮುಳುಗುವಷ್ಟು ನೀರಿರದ ಸೀಮೆ ನಮ್ಮದು. ಸಮುದ್ರವನ್ನು ನಾನೂ ನೋಡಿರಲಿಲ್ಲ. ಮುಂದಿನ ಸಲ ತವರಿಗೆ ಹೋದಾಗ ಬಳ್ಳಾರಿಯ ರದ್ದಿ ಅಂಗಡಿಯಲ್ಲಿ ಒಂದು ಹಳೆಯ ಇಂಗ್ಲಿಷ್ ಪತ್ರಿಕೆ ಸಿಕ್ಕಿತು, ಅದರಲ್ಲಿ ಡಾಲ್ಫಿನ್ ಬಗ್ಗೆ ನಾಲ್ಕು ಪುಟ. ಡಿಕ್ಷನರಿ ಪಕ್ಕಕ್ಕಿಟ್ಟುಕೊಂಡು ನಾಲ್ಕು ದಿನ ಓದಿದೆ.

ಆ ಪ್ರಾಣಿ ತನ್ನ ಮೂಗಿನ ನಾಳದಲ್ಲಿ ಟಕ್ ಟಕ್ ಎಂದು ಸದ್ದು ಹುಟ್ಟಿಸುತ್ತದಂತೆ. ಹಣೆಯಲ್ಲಿ ಕೊಬ್ಬಿನ ಗಡ್ಡೆಯೊಂದಿದ್ದು, ಅದು ಸದ್ದನ್ನು ಒಟ್ಟುಮಾಡಿ ಮುಂದಕ್ಕೆ ಕಳಿಸುತ್ತದೆ. ಎದುರಿಗಿದ್ದದ್ದಕ್ಕೆ ಬಡಿದು ಬಂದ ಮರುದನಿ ಕೆಳದವಡೆಯ ಕೊಬ್ಬಿನ ಮೂಲಕ ಒಳಕಿವಿಗೆ ಹೋಗುತ್ತದೆ. ಒಂದು ಸದ್ದು ಹೋಗಿ ತಿರುಗಿ ಬಂದ ಮೇಲೆಯೇ ಸಾಮಾನ್ಯವಾಗಿ ಇನ್ನೊಂದನ್ನು ಕಳಿಸುತ್ತದೆ. ವಸ್ತು ಹತ್ತಿರವಾದಷ್ಟೂ ಸದ್ದು ಬೇಗಬೇಗ ಹೊರಡುತ್ತದೆ. ಪರೀಕ್ಷೆಗೆಂದು ಕಣ್ಣಿಗೆ ರಬ್ಬರ್ ಬಟ್ಟಲು ಮುಚ್ಚಿದರೂ ಇದು ಲೋಹ, ಇದು ಬೇರೆ ಲೋಹ, ಇದು ಒಳಗೆ ಟೊಳ್ಳು, ಇದು ಗಟ್ಟಿ ಎಂದು ಬೇರೆ ಮಾಡುತ್ತದೆ. ವಸ್ತುವಿನ ಮುಂಬದಿಯಿಂದ ಒಂದು ಮರುದನಿ, ಹಿಂಬದಿಯಿಂದ ಇನ್ನೊಂದು. ನಮಗೆ ಒಂದೇ ಆಗಿ ಕೇಳುವ ಆ ಎರಡರ ನಡುವಿನ ಚೂರು ಸಂದೂ ಅದರ ಕಿವಿಗೆ ಸಿಗುತ್ತದೆ.

ಇದನ್ನೆಲ್ಲ ಬೋರ್ಡಿನ ಮೇಲೆ ಬರೆದು ಹೇಳಿದೆ. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದಳು. "ಟೀಚರ್, ದವಡಿಲಿಂದ ಕೇಳೋದಾದ್ರ ಉಣ್ಣುವಾಗ ಏನ್ ಮಾಡತೈತ್ರಿ?" ನನಗೆ ಗೊತ್ತಿರಲಿಲ್ಲ. "ಉಣ್ಣುವಾಗ ಮಾತಾಡಬಾರ್ದು ಅಂತ ಅದಕ್ಕೂ ಗೊತ್ತೈತಿ, ನಿಮಗ ಗೊತ್ತಿಲ್ಲ, ಕೂಡ್ರಿ" ಎಂದು ಗದರಿಸಿ ಮಾನ ಉಳಿಸಿಕೊಂಡೆ.

ಆದರೆ ನನಗೇ ಅನುಮಾನ. ಮನುಷ್ಯರ ಕಿವಿಗೆ ಇದರಲ್ಲಿ ಎಳ್ಳಷ್ಟಾದರೂ ಸಾಧ್ಯವೇ? ಭಾನುವಾರ ಮಧ್ಯಾಹ್ನ ನಡುಮನೆಯಲ್ಲಿ ಕಣ್ಣು ಮುಚ್ಚಿ ಕೂತೆ. ಒಂದು ಕೈಯಲ್ಲಿ ಹಿತ್ತಾಳೆ ತಾಟು, ಇನ್ನೊಂದರಲ್ಲಿ ದಿಂಬು. ಒಂದೊಂದನ್ನೇ ಮುಖದ ಮುಂದೆ ಹಿಡಿದು "ಶ್..." ಎನ್ನುತ್ತಿದ್ದೆ. ಅತ್ತೆ ಆ ಕಡೆ ಗೋಡೆಗೆ ಮುಖ ಮಾಡಿ ಮೊರದಲ್ಲಿ ತೊಗರಿಬೇಳೆಯ ಹರಳು ಆರಿಸುತ್ತಿದ್ದರು. ನನಗೆ ಬೆನ್ನು.

"ಈಗ ತಾಟು" ಎಂದರು ಅತ್ತೆ, ತಿರುಗದೆ.

ನಾನು ಕೈ ಬದಲಿಸಿದೆ. "ಈಗ ದಿಂಬು" ಎಂದರು.

ಎರಡನ್ನೂ ಕೆಳಗಿಟ್ಟು ಬರಿದೇ "ಶ್" ಅಂದೆ. "ಈಗ ಯಾವ್ದೂ ಇಲ್ಲ. ಯಾಕ ಸುಮ್ನ ಶ್ ಶ್ ಅಂತೀ, ಕೂಸಿಗೆ ಉಚ್ಚಿ ಹೊಯ್ಸಾಕತ್ತೀಯೇನು?"

ನಗು ಬಂತು, ಅಷ್ಟೇ ಬೇಗ ನಿಂತಿತು. ಎದ್ದು ಹೋಗಿ ಅತ್ತೆಯ ಮುಂದೆ ಕೂತೆ. ಮೊರದ ಬೇಳೆಯ ಮೇಲೆ ಬೆರಳು ಓಡುತ್ತಿದ್ದವು, ಹರಳು ಸಿಕ್ಕಿದ್ದು ಬೆರಳಿಗೆ. ಕಣ್ಣು ಎಲ್ಲೋ ಗೋಡೆಯ ಬುಡದಲ್ಲಿತ್ತು. ನಾನು ನನ್ನ ಅಂಗೈಯನ್ನು ಅವರ ಮುಖಕ್ಕೆ ಗೇಣು ದೂರದಲ್ಲಿ ಹಿಡಿದೆ. ರೆಪ್ಪೆ ಅಲುಗಲಿಲ್ಲ. ಆಮೇಲೆ ಅಭ್ಯಾಸದಂತೆ "ಶಿವಾ" ಅಂದರು, ಅಂದವರೇ ತಡೆದರು. "ಕೈ ತಗಿ" ಎಂದರು.

"ಎಷ್ಟು ಬೆರಳು ಹೇಳ್ರಿ ಅತ್ತೀ?"

ಅತ್ತೆ ಮೊರವನ್ನು ಪಕ್ಕಕ್ಕೆ ಸರಿಸಿದರು. "ಬಾಗಿಲಾ ಹಾಕ್ಕೊಂಡು ಬಾ" ಅಂದರು.

ನಾನು ಆ ಮನೆಗೆ ಬರುವ ಮೂರು ವರ್ಷ ಮೊದಲೇ ಶುರುವಾಗಿತ್ತಂತೆ. ಮೊದಲು ಅಂಚಿನಲ್ಲಿ ಹೊಗೆ, ಆಮೇಲೆ ಊದುಗೊಳವೆಯೊಳಗಿಂದ ನೋಡಿದಷ್ಟೇ ಜಗತ್ತು, ಆಮೇಲೆ ಅದೂ ಇಲ್ಲ. ಬಾಯಿಂದ ಸದ್ದು ಮಾಡಿದರೆ ಕಂಬ ಎಲ್ಲಿದೆ ಎಂದು ಮುಖಕ್ಕೆ ಗೊತ್ತಾಗುತ್ತದೆ ಎಂಬುದನ್ನು ಅವರಿಗೆ ಯಾರೂ ಕಲಿಸಿರಲಿಲ್ಲ. "ಮೊದ್ಲು ಬಸವಾ ಅಂತಿದ್ನೆವ್ವಾ. ಅದು ಗೋಡಿಗೆ ನಡೀತಿತ್ತು, ಕಂಬಕ್ಕ ನಡೀತಿದ್ದಿಲ್ಲ. ಎರಡು ಸಲ ಹಣಿ ಒಡಕೊಂಡೆ. ಶಿ ಅಂದ್ರ ಚಲೋ ಗೊತ್ತಾಗತೈತಿ." ಸಣ್ಣ ವಸ್ತುವಿಗೆ ಚೂಪು ಸದ್ದೇ ಬೇಕು ಎಂದು ನನ್ನ ಪತ್ರಿಕೆಯೂ ಹೇಳಿತ್ತು. ಇಡೀ ಓಣಿ ಭಕ್ತಿ ಎಂದು ಕಾಲಿಗೆ ಬಿದ್ದದ್ದು ಇದಕ್ಕೆ. ಅತ್ತೆಗೂ ಅದು ಗೊತ್ತಿತ್ತು. "ನಾ ಏನ್ ಬೀಳ್ರಿ ಅಂದೆನೇನು?" ಎಂದರು.

"ಡಾಕ್ಟ್ರಿಗೆ ಯಾಕ ತೋರಿಸ್ಲಿಲ್ಲ ಅತ್ತೀ? ಮನ್ಯಾಗ ಯಾಕ ಹೇಳ್ಲಿಲ್ಲ?"

"ಹೇಳಿದ್ರ ಕೀಲಿಕೈ ಹೋಗತಾವ." ಗೊಂಚಲನ್ನು ಮುಷ್ಟಿಯಲ್ಲಿ ಹಿಡಿದರು. "ನಮ್ಮತ್ತಿ ಕಣ್ಣು ಹೋದಾಗ ಅಕಿ ಸೊಂಟಲಿಂದ ಇವನ್ನ ಬಿಚ್ಚಿಕೊಂಡಾಕಿ ನಾನಽ. ಪಡಸಾಲಿ ಮೂಲ್ಯಾಗ ಹೊರಸು ಹಾಕಿ ಕುಂದ್ರಿಸಿದೆ. ಹನ್ನೊಂದು ವರ್ಷ ಅಲ್ಲೇ ಇದ್ಲು. ಹೆಂಗ ಮಾಡ್ತಾರ ಅಂತ ನನಗ ಗೊತ್ತೈತಿ, ನಾನು ಮಾಡೀನಿ. ದೊಡ್ಡ ಸೊಸಿ ನನ್ನ ಬಿಡ್ತಾಳೇನು?"

ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಕರುಣೆಯಿಂದ ಕೊಟ್ಟೆ ಎಂದು ಬರೆಯಬಹುದಿತ್ತು, ಅರ್ಧ ಸುಳ್ಳಾಗುತ್ತದೆ. ಕೀಲಿಕೈ ಅಕ್ಕನ ಸೊಂಟಕ್ಕೆ ಹೋದ ಮರುದಿನವೇ ಭಾವ ನನ್ನ ನೌಕರಿ ಬಿಡಿಸುತ್ತಾರೆ, ಅಕ್ಕ ಹೂಂ ಅನ್ನುತ್ತಾಳೆ ಎಂಬ ಭಯ ನನಗಿತ್ತು. ಅತ್ತೆಯ ಕುರುಡಿನ ಗುಟ್ಟನ್ನು ಕಾಯುವುದು ನನ್ನ ಸಂಬಳವನ್ನು ಕಾಯುವುದೂ ಆಗಿತ್ತು.

ಆಮೇಲಿನ ತಿಂಗಳುಗಳಲ್ಲಿ ಪತ್ರಿಕೆಯ ನಾಲ್ಕು ಪುಟಕ್ಕಿಂತ ಹೆಚ್ಚನ್ನು ನಾನು ಅತ್ತೆಯಿಂದ ಕಲಿತೆ. ರೊಟ್ಟಿಯ ನಡುವು ದಪ್ಪವಾದರೆ ತಟ್ಟುವ ಸದ್ದೇ ಬೇರೆ. ತುಂಬಿದ ಕೊಡ ಬೇರೆ ಥರ, ಖಾಲಿ ಕೊಡ ಬೇರೆ ಥರ. ಬಾಗಿಲು ತೆರೆದಿದ್ದರೆ ಸದ್ದು ಹೋಗಿಬಿಡುತ್ತದೆ, ಮುಚ್ಚಿದ್ದರೆ ಮುಖಕ್ಕೆ ಬರುತ್ತದೆ. ಗೋಡೆ ಗಟ್ಟಿ, ಮನುಷ್ಯ ಮೆತ್ತಗೆ, ಕಂಬಳಿ ಹೊದ್ದ ಮನುಷ್ಯ ಇನ್ನೂ ಮೆತ್ತಗೆ. ನಾನೂ ಡಾಲ್ಫಿನ್ನಿನ ಕತೆಯನ್ನೆಲ್ಲ ಹೇಳಿದೆ. ಗಮನವಿಟ್ಟು ಕೇಳಿ ಒಂದೇ ಪ್ರಶ್ನೆ ಕೇಳಿದರು.

"ಅದಕ್ಕ ಸೊಸಿ ಇರ್ತಾಳೇನು?"

"ಇಲ್ರಿ."

"ಪುಣ್ಯ ಮಾಡೈತಿ ಬಿಡು."

ಹೀಗೇ ನಡೆದುಹೋಗುತ್ತಿತ್ತೋ ಏನೋ, ಹತ್ತಿ ಬಾರದಿದ್ದರೆ. ನಮ್ಮ ಕಡೆ ಹತ್ತಿ ಬಿಡಿಸಿದ ಮೇಲೆ ಒಳ್ಳೆ ಧಾರಣೆ ಬರುವ ತನಕ ಮನೆಯಲ್ಲೇ ಒಟ್ಟುತ್ತಾರೆ. ಹಿಂದಿನ ಎರಡು ವರ್ಷ ಬೆಳೆ ಕಡಿಮೆಯಾಗಿ ಮೂಲೆಯಲ್ಲೇ ಮುಗಿದಿತ್ತು. ಆ ವರ್ಷ ಹೊಲ ಕೈಬಿಚ್ಚಿ ಕೊಟ್ಟಿತು. ನಾನು ಶಾಲೆಯಿಂದ ಬಂದಾಗ ಪಡಸಾಲೆ ಇರಲಿಲ್ಲ, ಹತ್ತಿ ಇತ್ತು. ಮೂರು ಗೋಡೆಗೂ ತೊಲೆ ಮುಟ್ಟುವಷ್ಟು ರಾಶಿ, ನಡುವೆ ಒಬ್ಬರು ಹಾಯುವಷ್ಟು ಸಂದು. ಬಾಗಿಲ ಬಳಿ ಭಾವ, ಅವರ ಜೊತೆ ಮಾಲು ನೋಡಲು ಬಳ್ಳಾರಿಯಿಂದ ಬಂದ ದಲಾಲ.

ಒಳಗಿನಿಂದ ಅತ್ತೆ ಬಂದರು. ಹೊಸ್ತಿಲ ಮೇಲೆ ನಿಂತು "ಶಿವಾ" ಎಂದರು.

ಏನೂ ತಿರುಗಿ ಬರಲಿಲ್ಲ. ನನಗೇ ಕೇಳಿಸಿತು ಅದು. ಆ ಮಾತು ಬಾಯಿಂದ ಹೊರಬಿದ್ದು ಅಲ್ಲೇ ಹತ್ತಿಯೊಳಗೆ ಸತ್ತಿತು. ಅತ್ತೆ ಮತ್ತೆ ಕೂಗಿದರು, ಇನ್ನೂ ಜೋರಾಗಿ. ಮೂರನೇ ಸಲ ದನಿ ನಡುಗಿತು. ದಲಾಲ ಭಕ್ತಿಗೆ ಕರಗಿ ಎರಡೂ ಕೈ ಮುಗಿದು ನಿಂತುಬಿಟ್ಟ. ಎದುರಿಗೆ ಏನೂ ಇಲ್ಲ, ಬಯಲಿದೆ ಎಂದು ಅತ್ತೆಗೆ ಅನಿಸಿರಬೇಕು. ಧೈರ್ಯ ಮಾಡಿ ಹೆಜ್ಜೆ ಕಿತ್ತಿಟ್ಟರು, ನೆಟ್ಟಗೆ ರಾಶಿಯೊಳಗೆ ನಡೆದರು. ಸೊಂಟದ ತನಕ ಹೂತರು, ತಲೆಯ ಮೇಲೆ ಒಂದು ಬುಟ್ಟಿ ಹತ್ತಿ ಕುಸಿಯಿತು.

ನಾನು ಓಡುವುದರೊಳಗೆ ಅತ್ತೆ ತಾವೇ ಉಪಾಯ ಹುಡುಕಿದ್ದರು. ನಿಂತಲ್ಲೇ ಒಂದು ಹಿಡಿ ಹತ್ತಿ ಕಿತ್ತು, ಕೆನ್ನೆಗೆ ಒತ್ತಿಕೊಂಡು, ಪರೀಕ್ಷೆ ಮಾಡಲೆಂದೇ ಒಳಗೆ ಹೋದವರಂತೆ ಹೇಳಿದರು: "ಹಸಿ ಐತಿ."

ಹತ್ತಿ ಹೊಟ್ಟಿನ ಹಾಗೆ ಒಣಗಿತ್ತು. ಆದರೆ ದಲಾಲನ ಮುಖ ಅರಳಿತು. "ಅಮ್ಮಗಾರೇ ಹೇಳಿದ ಮ್ಯಾಲೆ ಇನ್ನೇನೈತ್ರಿ? ಶಿವಶರಣಿ ಬಾಯಾಗ ಸುಳ್ಳು ಬರತೈತೇನು?" ಎಂದು ಧಾರಣೆಯನ್ನು ಅಲ್ಲಿಂದಲ್ಲಿಗೇ ಇಳಿಸಿದ. ಭಾವನಿಗೆ ರೇಗಿತು. ಆ ಧಾರಣೆಗೆ ಕೊಡುವುದಿಲ್ಲ, ಬೇಕಾದರೆ ಯುಗಾದಿ ತನಕ ಮನೆಯಲ್ಲೇ ಕೊಳೆಯಲಿ ಎಂದು ಹಠ ಹಿಡಿದರು. ಮಾನ ಉಳಿಸಿಕೊಳ್ಳಲು ಅತ್ತೆ ಹೇಳಿದ ಒಂದು ಸುಳ್ಳಿಗೆ ಆ ಹತ್ತಿ ಎರಡು ತಿಂಗಳು ಅಲ್ಲೇ ಕೂತಿತು.

ಆ ಎರಡು ತಿಂಗಳು ಅತ್ತೆ ನಿಜವಾಗಿ ಕುರುಡಾದರು. ಅಡುಗೆಮನೆ ಬಿಟ್ಟು ಹೊರಬರುತ್ತಿರಲಿಲ್ಲ. ನಾನು ಮನೆಯಲ್ಲಿದ್ದಾಗ ಏನಾದರೂ ನೆಪ ತೆಗೆದು ಕೈಹಿಡಿದು ನಡೆಸುತ್ತಿದ್ದೆ. ಇಂಥ ಸೊಸೆ ಯಾರಿಗೆ ಸಿಗುತ್ತಾಳೆ ಎಂದು ಓಣಿ ನನ್ನನ್ನೂ ಹೊಗಳಲು ಶುರುಮಾಡಿತು. ಶಾಲೆಯ ಹೊತ್ತಿನಲ್ಲಿ ಏನು ಮಾಡುತ್ತಾರೋ ಎಂದು ಜೀವ ಹೊಡೆದುಕೊಳ್ಳುತ್ತಿತ್ತು. ಒಂದು ಸಂಜೆ ಅವರೇ ಹೇಳಿದರು: "ಕರದ್ರ ಮನಿ ಓ ಅಂತಿತ್ತು. ಈಗ ಅನ್ನವಲ್ದು. ಹೆದರಿಕಿ ಬರತೈತೆವ್ವಾ."

ಆಗ ನನ್ನ ಸೈನ್ಸು ತಲೆಗೇರಿತು. ಇದು ಕಣ್ಣಿನ ಪೊರೆ, ಕೊಯ್ದು ತೆಗೆದರೆ ಮೊದಲಿನ ಹಾಗೆ ಕಾಣುತ್ತದೆ ಎಂದು ಖಂಡಿತವಾಗಿ ಹೇಳಿದೆ. ಪರೀಕ್ಷಿಸದೆ, ಯಾರನ್ನೂ ಕೇಳದೆ, ಬೋರ್ಡಿನ ಮುಂದೆ ನಿಂತವರ ಠೀವಿಯಲ್ಲಿ ಹೇಳಿದೆ. ನನ್ನ ತವರಿನಲ್ಲಿ ಅವ್ವನಿಗೆ ಹುಷಾರಿಲ್ಲ, ಬೀಗಿತ್ತಿ ನೋಡಿಕೊಂಡು ಬರುತ್ತಾರೆ ಎಂದು ಮನೆಯಲ್ಲಿ ಸುಳ್ಳು ಹೇಳಿದೆವು. ಅತ್ತೆಗೆ ಆಸೆ ಹತ್ತಿತ್ತು. ಬಸ್ಸಿನಲ್ಲಿ ಬಳ್ಳಾರಿ ಬರುವ ತನಕ, ಕಣ್ಣು ಬಂದ ಮೇಲೆ ಮೊದಲು ಯಾರ್ಯಾರ ಮುಖ ನೋಡಬೇಕೆಂದು ಲೆಕ್ಕ ಹಾಕುತ್ತಿದ್ದರು. ನನ್ನನ್ನು ಇನ್ನೂ ನೋಡಿಯೇ ಇಲ್ಲವಲ್ಲ ಎಂದು ನಕ್ಕರು. "ರೊಟ್ಟಿ ನೋಡಿದ್ರ ಸಾಕು, ಮಾರಿ ಹೆಂಗೈತಿ ಅಂತ ಗೊತ್ತಾಗತೈತಿ ಬಿಡು."

ಡಾಕ್ಟರು ಕಣ್ಣಿಗೆ ಬೆಳಕು ಬಿಟ್ಟು ನೋಡಿದರು, ರೆಪ್ಪೆಯ ಮೇಲೆ ಬೆರಳಿಂದ ಒತ್ತಿದರು. ಪೊರೆ ಅಲ್ಲ, ಒಳಗಿನ ಒತ್ತಡಕ್ಕೆ ನರ ಸತ್ತಿದೆ, ಈಗ ಮಾಡುವಂಥದ್ದು ಏನೂ ಇಲ್ಲ ಎಂದರು. ಅಂಚಿನಲ್ಲಿ ಹೊಗೆ ಕಂಡಾಗಲೇ ಬಂದಿದ್ದರೆ ಉಳಿದದ್ದನ್ನು ಉಳಿಸಬಹುದಿತ್ತು ಎಂದೂ ಹೇಳಿದರು. ಅತ್ತೆ "ಆತು, ನಡಿ" ಎಂದು ಎದ್ದರು. ತಿರುಗಿ ಬರುವಾಗ ಬಸ್ಸಿನಲ್ಲಿ ಅತ್ತದ್ದು ನಾನು. ನನ್ನ ಮೇಲೆ ನನಗೇ ಅಸಹ್ಯವಾಗಿತ್ತು. ಅತ್ತೆ ಕಿಟಕಿಯ ಗಾಳಿಗೆ ಮುಖ ಕೊಟ್ಟು, ಕೀಲಿಕೈಗಳನ್ನು ಒಂದೊಂದಾಗಿ ಮುಟ್ಟುತ್ತ ಕೂತಿದ್ದರು. ಕುರುಗೋಡು ಹತ್ತಿರ ಬಂದಾಗ, "ಕಸಗೊಳ್ಳೋದ್ಕಿಂತ ಮೊದ್ಲು ನಾನಽ ಕೊಟ್ಟುಬಿಡ್ತೀನಿ" ಎಂದರು.

ನಾವು ಮನೆ ಮುಟ್ಟಿದಾಗ ಅಕ್ಕ ಅಡುಗೆಮನೆಯಲ್ಲಿ ಬದನೆಕಾಯಿ ಹೆಚ್ಚುತ್ತಿದ್ದಳು. ಅತ್ತೆ ನಿಂತುಕೊಂಡೇ ಗೊಂಚಲು ಬಿಚ್ಚಿ ಮುಂದಕ್ಕೆ ಹಿಡಿದರು. "ತಗೋ. ನನಗ ಕಣ್ಣಿಲ್ಲ."

ಅಕ್ಕ ಹೆಚ್ಚುವುದನ್ನು ನಿಲ್ಲಿಸಲಿಲ್ಲ. "ಗೊತ್ತೈತ್ರಿ" ಎಂದಳು.

"ಎಂದಿಂದ ಗೊತ್ತೈತಿ?" ಎಂದರು ಅತ್ತೆ.

"ನನ್ನ ಮಗಳಿಗೆ ಹೆಳಲು ಹಾಕಿದ್ರಿ, ಬೈತಲಿ ಕಿವಿ ಮಟಾ ಹೋಗಿತ್ತು. ಅವತ್ತಿಂದ. ನಾ ಎಲ್ಲದೀನಿ ಅಂತ ನಿಮಗ ಗೊತ್ತಾಗ್ಲಿ ಅಂತ ಪಾತ್ರಿ ಬಡದು ಬಡದು ಇಡಾಕತ್ತೀನಿ, ಕೈ ಬಿದ್ದುಹೋಗ್ಯಾವ. ನಿಮ್ಮ ಸೊಂಟದಾಗಿನ ಕೀಲಿ ಸಪ್ಪಳ ನಿಂತ್ರ ಎಲ್ಲಿ ಬಿದ್ರೋ ಅಂತ ಜೀವ ಝಲ್ ಅಂತೈತಿ. ಹತ್ತಿ ಒಳಗ ಒಟ್ಟಬ್ಯಾಡ್ರಿ ಅಂತ ನಿಮ್ಮ ಮಗನ ಕೂಡ ಜಗಳಾಡಿದೆ, ಕೇಳಿದ್ರೇನು?" ಬದನೆಕಾಯಿ ಚೂರುಗಳನ್ನು ನೀರಿಗೆ ಸುರಿದಳು. "ಕೀಲಿಕೈ ಕಟ್ಟಿಕೊಳ್ರಿ. ಅವನ್ನ ಇಟಗೊಂಡ್ರ ಓಣಿಯಾರಿಗೆಲ್ಲ ಸಕ್ರಿ ಇಲ್ಲ ಅಂತ ಹೇಳೂ ಕೆಲಸ ನನಗ ಬೀಳತೈತಿ. ನನಗಾಗಂಗಿಲ್ಲ."

ನಾನು ಬಿ.ಎಸ್ಸಿ. ಓದಿದವಳು. ಡಾಲ್ಫಿನ್ನಿನ ಕಿವಿಯ ಬಗ್ಗೆ ಒಂಬತ್ತನೇ ತರಗತಿಗೆ ಪಾಠ ಹೇಳಿದವಳು. ಅದೇ ಅಡುಗೆಮನೆಯಲ್ಲಿ ಎರಡು ವರ್ಷ ಅವಳ ಪಕ್ಕ ಕೂತು ಆ ಸಪ್ಪಳವನ್ನು ಸಿಟ್ಟು ಎಂದೇ ಕೇಳಿದ್ದೆ. ನಾಚಿಕೆಯಿಂದ ಅವಳ ಮುಖ ನೋಡಲಾಗಲಿಲ್ಲ.

ಅತ್ತೆಗೆ ಸಮಾಧಾನವಾಗುತ್ತದೆ, ಬಹುಶಃ ಅಳುತ್ತಾರೆ ಎಂದುಕೊಂಡೆ. ಅವರು ಗೋಡೆ ಹಿಡಿದು ಮೆಲ್ಲಗೆ ನೆಲಕ್ಕೆ ಕೂತರು. ಗೊಂಚಲು ಮಡಿಲಲ್ಲಿತ್ತು. ಅಕ್ಕ ಈಳಿಗೆಮಣೆ ಬದಿಗೆ ಸರಿಸಿ ಹತ್ತಿರ ಹೋಗಿ ಕೂತಳು. ಆಗ ಅತ್ತೆ ಮಾತಾಡಿದರು. ಮಾತು ನಮಗೂ ಅಲ್ಲ, ಶಿವನಿಗೂ ಅಲ್ಲ.

"ನಮ್ಮತ್ತಿ ಹೊರಸಿನ ಮ್ಯಾಲಿಂದ ಕೇಳ್ತಿದ್ಲು, 'ಯಾರವ್ವಾ ಬಂದಾಕಿ?' ಅಂತ. ಮಾತಾಡ್ಸಿದ್ರ ಹಿಡಕೊಂಡು ಕುಂದ್ರಿಸಿಕೊಂತಾಳ ಅಂತ ನಾ ಉಸುರು ಬಿಗಿ ಹಿಡದು, ತಾಟಿಟ್ಟು, ಸಪ್ಪಳಿಲ್ದಂಗ ಹೊಳ್ಳಿ ಬರ್ತಿದ್ದೆ. ದಿನಾ ಕೇಳ್ತಿದ್ಲು. ಸಾಯೂ ದಿನಾನೂ ಕೇಳಿದ್ಲು."